ಓಸಾಕಾದ ಸಂತೆಯಲ್ಲಿ ಕಳೆದದ್ದು

ಗೋಕುಲ ರಸ್ತೆಯಿಂದ ನಮ್ಮ ಮನೆಯ ಕಡೆ ತಿರುಗುವ ಮೂಲೆಯಲ್ಲಿ ಗೋಬಿ ಮಂಚೂರಿಯ ಗಾಡಿಯೊಂದು ನಿಲ್ಲುತ್ತದೆ. ಸಂಜೆ ಆರರ ಹೊತ್ತಿಗೆ ಗಾಡಿಯವನು ಕಾದ ಬಾಣಲೆಗೆ ಸೋಯಾ ಸಾಸ್ ಸುರಿಯುತ್ತಾನೆ. ಸುರ್ರೆಂದು ಹೊಗೆ ಏಳುತ್ತದೆ. ಬೆಲ್ಲ ಸೀದು ಅದಕ್ಕೆ ಉಪ್ಪು ಬೆರೆತಂಥ ವಾಸನೆ. ಹುಬ್ಬಳ್ಳಿಯ ಅರ್ಧ ಮಂದಿಗೆ ಅದರಿಂದ ಬಾಯಲ್ಲಿ ನೀರೂರುತ್ತದೆ. ನಾನು ಮಾತ್ರ ಉಸಿರು ಬಿಗಿಹಿಡಿದು ಸ್ಕೂಟರ್ ಜೋರು ಮಾಡುತ್ತೇನೆ. "ಗಾಡಿ ಎಣ್ಣಿ ಇವರಿಗೆ ಆಗಿ ಬರೂದಿಲ್ರಿ," ಎಂದು ನನ್ನ ಹೆಂಡತಿ ನೆರೆಯವರಿಗೆ ಹೇಳಿಕೊಂಡಿದ್ದಾಳೆ. ನಾನು ತಿದ್ದಲು ಹೋಗಿಲ್ಲ. ಆ ಹೊಗೆ ಮೂಗಿಗೆ ಬಡಿದರೆ ಸಾಕು, ಜಪಾನಿನ ಓಸಾಕಾ ಎಂಬ ದೊಡ್ಡ ಊರಿನ ಒಂದು ಸಂತೆಬೀದಿಯೂ ಅಲ್ಲಿ ಸಾಣೆಕಲ್ಲಿನ ಮೇಲೆ ಬಗ್ಗಿ ಕೂತಿದ್ದ, ನಮ್ಮ ಕಾರ್ಖಾನೆಯ ಚನ್ನಬಸಪ್ಪನವರ ಬೆನ್ನೂ ಕಣ್ಣ ಮುಂದೆ ಬರುತ್ತವೆ. ಅಲ್ಲಿನ ಆ ಬೇಸಿಗೆಯಲ್ಲಿ ನಾನು ಮಾಡಿದ್ದನ್ನು ಇಂದು ಬದುಕಿರುವ ಯಾರಿಗೂ ಹೇಳಿಲ್ಲ.

ನಮ್ಮ ಕಾರ್ಖಾನೆ ತಾರಿಹಾಳದಲ್ಲಿದೆ. ದೊಡ್ಡ ಯಂತ್ರಗಳಿಗೆ ಬೇಕಾಗುವ ಕಬ್ಬಿಣದ ಹಾಸುಗಳನ್ನು ಮಾಡುತ್ತೇವೆ. ಎರಡು ಕಬ್ಬಿಣದ ಮೈಗಳು ನಡುವೆ ಒಂದು ಕೂದಲೂ ಹೋಗದಂತೆ ಕೂಡಬೇಕು. ಯಂತ್ರ ಎಷ್ಟೇ ನುಣ್ಣಗೆ ತಿಕ್ಕಿದರೂ ಕೊನೆಯ ಕೆಲಸ ಮನುಷ್ಯನ ಕೈಯದೇ. ನೀಲಿ ಬಣ್ಣ ಸವರಿ, ಒಂದರ ಮೇಲೊಂದನ್ನು ಉಜ್ಜಿ, ಎಲ್ಲಿ ಉಬ್ಬು ಕಾಣುತ್ತದೋ ಅಲ್ಲಿ ಉಳಿಯಿಂದ ತುಸು ತುಸುವೇ ಹೆರೆಯುತ್ತ ಹೋಗಬೇಕು. ಫೋರ್‌ಮನ್ ಚನ್ನಬಸಪ್ಪನವರು ಮೂವತ್ತೈದು ವರ್ಷ ಇದನ್ನೇ ಮಾಡಿದವರು. ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯವರು, ಮನೆಯಲ್ಲಿ ಭತ್ತದ ಗದ್ದೆ, ಇಲ್ಲಿ ಕಬ್ಬಿಣದ ಹಾಸು. ಅವರಿಗೆ ನೀಲಿ ಬಣ್ಣವೂ ಬೇಕಾಗುತ್ತಿರಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿ, "ಇಲ್ಲೊಂದು ಚೂರು ಎದ್ದೈತ್ರಿ ಸರ," ಅನ್ನುವರು. ನಾನು ಗೇಜು ಹಚ್ಚಿ ನೋಡಿದರೆ ಅಲ್ಲೇ, ಅಷ್ಟೇ ಎದ್ದಿರುತ್ತಿತ್ತು.

ನಾನು ಅಲ್ಲಿ ಗುಣಮಟ್ಟ ನೋಡುವ ಇಂಜಿನಿಯರು. ಧಾರವಾಡದ ಮಾಳಮಡ್ಡಿಯವನು, ಕುಲಕರ್ಣಿ ಮನೆತನ, ಮೂರು ತಲೆಮಾರು ಮಾಸ್ತರಿಕೆ ಮಾಡಿದವರು. ನಮ್ಮ ಮನೆಯಲ್ಲಿ ಆಸ್ತಿ ಕಡಿಮೆ, ಮಾತು ಹೆಚ್ಚು. ಇಂಗ್ಲಿಷೂ ಬರುತ್ತದೆ, ನಾಲ್ಕು ಜಪಾನಿ ಮಾತನ್ನೂ ಕಲಿತುಕೊಂಡಿದ್ದೆ. ಓಸಾಕಾದ ಕಾರ್ಖಾನೆಯೊಂದರಲ್ಲಿ ಎಂಟು ವಾರ ಹೊಸ ರೀತಿಯ ಹೆರೆತ ಕಲಿತು ಬರಲು ಇಬ್ಬರನ್ನು ಕಳಿಸಬೇಕೆಂದಾಗ ನಮ್ಮ ಮ್ಯಾನೇಜರು, "ಕೈ ಅವರದಿರಲಿ, ಬಾಯಿ ನಿಮ್ಮದಿರಲಿ," ಎಂದು ನಕ್ಕು ನಮ್ಮಿಬ್ಬರ ಹೆಸರು ಬರೆದರು. ಜುಲೈ ಮೊದಲ ವಾರ ಹೋದೆವು. ಹುಬ್ಬಳ್ಳಿಯಲ್ಲಿ ತಂಪು ಗಾಳಿ, ಜಿಟಿಜಿಟಿ ಮಳೆ ಬಿಟ್ಟು ಹೋದವರಿಗೆ ಅಲ್ಲಿ ಮೈಯೆಲ್ಲ ಅಂಟು ಅಂಟು ಸೆಕೆ. ಬೆಳಗಾದರೆ ಮರದ ತುಂಬ ಜೀರುಂಡೆಗಳ ಚೀರಾಟ.

ಕಾರ್ಖಾನೆಯವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಚನ್ನಬಸಪ್ಪನವರು ಮೊದಲ ದಿನವೇ ಒಂದು ಮೂಲೆ ಒರೆಸಿ ತಮ್ಮ ಜಾಗ ಮಾಡಿಕೊಂಡರು. ಅವರ ಕೊರಳಲ್ಲಿ ಶಿವದಾರ, ದಾರದಲ್ಲಿ ಬೆಳ್ಳಿಯ ಸಣ್ಣ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹುಟ್ಟಿದ ಕೆಲವೇ ದಿನಗಳಲ್ಲಿ ಊರಿನ ಮಠದ ದೊಡ್ಡ ಅಯ್ಯಾರು ಕಟ್ಟಿದ್ದಂತೆ. ಅಂದಿನಿಂದ ಅದು ಅವರ ಮೈಬಿಟ್ಟು ಹೋದದ್ದಿಲ್ಲ. ದಿನಾ ಎರಡು ಹೊತ್ತು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂರುವರು. ಆಮೇಲೆಯೇ ಊಟ. ಊಟ ಅಂದರೆ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಲ್ಲಿ ಸಿಗುವ ಮೊಸರು, ಅನ್ನ. ನಾನು ಸಂಧ್ಯಾವಂದನೆಯನ್ನು ಕಾಲೇಜಿನಲ್ಲೇ ಕೈಬಿಟ್ಟವನು. ಹೊತ್ತಿಗೆ ಸರಿಯಾಗಿ ನಡೆಯುವ ಅವರ ಈ ಕೆಲಸ ನೋಡಿ ತುಸು ನಗೆ, ತುಸು ಹೊಟ್ಟೆಕಿಚ್ಚು ಎರಡೂ ಆಗುತ್ತಿದ್ದವು.

ನಾಲ್ಕನೆಯ ವಾರ ಕರಡಿಗೆಯ ಕೊಂಡಿ ಸಡಿಲಾಯಿತು. ಮುಚ್ಚಳ ಗಟ್ಟಿಯಾಗಿ ಕೂರುತ್ತಿರಲಿಲ್ಲ. ಅವರು ನೂಲಿನಿಂದ ಒಂದು ಸುತ್ತು ಬಿಗಿದುಕೊಂಡು ಎರಡು ದಿನ ಓಡಾಡಿದರು. ಭಾನುವಾರ ಬೆಳಿಗ್ಗೆ ಲೋಹ ತಿಕ್ಕುವ ಸಣ್ಣ ಅರ ಒಂದನ್ನು ಹಿಡಿದುಕೊಂಡು ಕಿಟಕಿಯ ಬಳಿ ಕೂತರು. ನಾನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಊರಿನ ಹಳೆಯ ಸಂತೆ ನೋಡದೆ ಹೋದರೆ ಓಸಾಕಾಕ್ಕೆ ಬಂದೂ ಬಾರದಂತೆ ಎಂದು ಯಾರೋ ತಲೆಗೆ ತುಂಬಿದ್ದರು.

"ಒಂದ ಅರ್ಧಾ ತಾಸು ಕೊಡ್ರಿ ಸರ. ಇದೊಂದು ಕೊಂಡಿ ಬಿಗಿ ಮಾಡಕೋತೇನಿ."

"ಸಂಜಿಕ್ಕ ಬಂದು ಮಾಡೀರಂತ ಏಳ್ರಿ. ತಡಾ ಆದ್ರ ಕಾಲಿಡ್ಲಿಕ್ಕೆ ಜಾಗಾ ಇರೂದಿಲ್ಲ ಅಲ್ಲೆ."

"ನೀವ ಹೋಗಿ ಬರ್ರಲ್ಲ."

"ಒಬ್ಬವ ಹೋಗಿ ಏನು ಮಾಡ್ಲಿ? ಫೋಟೊ ಯಾರು ತಗೀಬೇಕು?"

ಅವರು ಅರವನ್ನು ಪೆಟ್ಟಿಗೆಯಲ್ಲಿಟ್ಟು, ನೂಲನ್ನು ಇನ್ನೊಂದು ಸುತ್ತು ಸುತ್ತಿ, ಅಂಗಿ ಹಾಕಿಕೊಂಡರು. ದೊಡ್ಡವರ ಮಾತಿಗೆ ಇಲ್ಲ ಅನ್ನುವ ಅಭ್ಯಾಸ ಅವರಿಗಿರಲಿಲ್ಲ. ವಯಸ್ಸಿನಲ್ಲಿ ಅವರೇ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೆ ಕಾರ್ಖಾನೆಯಲ್ಲಿ ದೊಡ್ಡವನು ನಾನು.

ಸಂತೆ ಅಂದೆನಲ್ಲ, ನಮ್ಮ ಕಡೆಯ ವಾರದ ಸಂತೆಯಂತಲ್ಲ. ಮೇಲೆ ಉದ್ದಕ್ಕೂ ಸೂರು, ಕೆಳಗೆ ಎದುರು ಬಂದವರ ಭುಜ ತಾಗುವಷ್ಟು ಇಕ್ಕಟ್ಟಿನ ಓಣಿ, ಎರಡೂ ಬದಿಗೆ ಅಜ್ಜ ಮುತ್ತಜ್ಜನ ಕಾಲದಿಂದ ಅಲ್ಲೇ ಬೇರುಬಿಟ್ಟ ಅಂಗಡಿಗಳು. ಬರ್ಫದ ಮೇಲೆ ಸಾಲಾಗಿ ಮಲಗಿಸಿದ ಮೀನು, ಕಡ್ಡಿಗೆ ಚುಚ್ಚಿ ಸೋಯಾ ರಸ ಸವರಿ ಕೆಂಡದ ಮೇಲೆ ಸುಡುತ್ತಿದ್ದ ಏನೇನೋ ಜೀವಗಳು, ಹೊಗೆ, ಮಡಚಿದ ಛತ್ರಿ ಹಿಡಿದ ಮುದುಕಿಯರು, ಫೋನ್ ಎತ್ತಿ ಹಿಡಿದ ಪ್ರವಾಸಿಗಳು. ಮೀನಿನ ಅಂಗಡಿಗಳಿಂದ ಹರಿದ ನೀರು ಓಣಿಯ ಅಂಚಿನ ಗಟಾರದ ಜಾಳಿಗೆಗೆ ಇಳಿಯುತ್ತಿತ್ತು. ಚನ್ನಬಸಪ್ಪನವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ನನ್ನ ಹಿಂದೆ ಹಿಂದೆ ನಡೆದರು. ಒಂದು ಕಡೆ ಮರದ ಪೀಪಾಯಿಯಲ್ಲಿ ತೌಡು ತುಂಬಿ ಅದರೊಳಗೆ ಮೂಲಂಗಿ ಹೂತು ಉಪ್ಪಿನಕಾಯಿ ಮಾಡಿದ್ದರು. ಅಲ್ಲಿ ಮಾತ್ರ ಕರವಸ್ತ್ರ ತೆಗೆದು ಬಗ್ಗಿ ನೋಡಿದರು.

"ತೌಡಿನ್ಯಾಗ ಹುಗದಾರಲ್ರಿ! ನಮ್ಮ ಕಡೆ ಇದನ್ನ ಎತ್ತಿಗೆ ಹಾಕ್ತೇವಿ."

ಅಂಗಡಿಯವರೆಲ್ಲ ಗಿರಾಕಿಗಳನ್ನು ಕರೆಯಲು ಗಂಟಲು ಹರಿದುಕೊಳ್ಳುತ್ತಿದ್ದರು: "ಇರಾಶ್ಶಾಯ್! ಇರಾಶ್ಶಾಯ್!"

"ಏನಂತಾರ್ರಿ ಇವರು? ಇರಾ, ಸಾಯಿ ಅಂದಂಗ ಕೇಳಸ್ತೈತಿ."

"ಬರ್ರಿ ಬರ್ರಿ ಅಂತಾರ."

"ಹಿಂಗ ಕರದ್ರ ಹುಬ್ಬಳ್ಳ್ಯಾಗ ಒಬ್ಬ ಗಿರಾಕಿ ಬರಂಗಿಲ್ಲ ತಗೋರಿ," ಅಂದರು. ಇಬ್ಬರೂ ನಕ್ಕೆವು.

ಓಣಿಯ ನಡುವೆ ಒಂದು ಚಾಕುವಿನ ಅಂಗಡಿ ಇತ್ತು. ತೆಳ್ಳಗಿನ ಮುದುಕನೊಬ್ಬ ಗಿಡ್ಡ ಮಣೆಯ ಮೇಲೆ ಕೂತು, ನೀರು ಚಿಮುಕಿಸಿಕೊಳ್ಳುತ್ತ, ಸಾಣೆಕಲ್ಲಿನ ಮೇಲೆ ಚಾಕು ಮಸೆಯುತ್ತಿದ್ದ. ಚನ್ನಬಸಪ್ಪನವರು ಅಲ್ಲಿ ನಿಂತವರು ನಿಂತೇ ಬಿಟ್ಟರು. ನಾನು ಎರಡು ಸಲ ಕರೆದೆ. ಕೇಳಿಸಲಿಲ್ಲ. ಕುಕ್ಕರಗಾಲಲ್ಲಿ ಕೂತು, ಮಸೆದಿಟ್ಟ ಚಾಕುವೊಂದನ್ನು ಕೈಸನ್ನೆಯಲ್ಲೇ ಕೇಳಿ ತೆಗೆದುಕೊಂಡು, ಅದರ ಅಲಗಿನ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಎಳೆದರು. ಹಿಡಿಯ ಬಳಿ ಒಂದು ಕಡೆ ಬೆರಳಿಟ್ಟು ತೋರಿಸಿದರು. ಮುದುಕ ಕನ್ನಡಕ ಏರಿಸಿ ನೋಡಿ, ತಾನೂ ಬೆರಳೆಳೆದು, ಚನ್ನಬಸಪ್ಪನವರ ಮುಖವನ್ನೊಮ್ಮೆ ನೋಡಿದ. ಆಮೇಲೆ ಎದ್ದು ತನ್ನ ಮಣೆಯನ್ನೇ ಬಿಟ್ಟುಕೊಟ್ಟ. ಇವರು ಕೂತು, ಬಗ್ಗಿ, ಮೈಯೆಲ್ಲ ಮುಂದೆ ಹಿಂದೆ ತೂಗುತ್ತ ಅರ್ಧ ತಾಸು ಮಸೆದರು. ಅವನ ಮಾತು ಇವರಿಗೆ ತಿಳಿಯದು, ಇವರದು ಅವನಿಗೆ. ಮುಗಿದಾಗ ಮುದುಕ ಅಲಗು ನೋಡಿ ನಡು ಬಗ್ಗಿಸಿ ನಮಸ್ಕಾರ ಮಾಡಿದ. ಚನ್ನಬಸಪ್ಪನವರ ಕಣ್ಣಲ್ಲಿ ನೀರು ತುಂಬಿತ್ತು. ಮೂವತ್ತೈದು ವರ್ಷದಲ್ಲಿ ನಮ್ಮ ಕಾರ್ಖಾನೆಯಲ್ಲಿ ಯಾರೂ ಅವರಿಗೆ ಹಾಗೆ ಬಗ್ಗಿರಲಿಲ್ಲ, ನಾನೂ ಸೇರಿ. ಆಗ ತೆಗೆದ ಫೋಟೊ ನನ್ನ ಫೋನಿನಲ್ಲಿ ಇನ್ನೂ ಇದೆ. ಬಗ್ಗಿದ ಬೆನ್ನು, ಪ್ಯಾಂಟಿನಿಂದ ಹೊರಬಂದು ಜೋತುಬಿದ್ದ ಅಂಗಿ. ಲಿಂಗ ಜಾರಿದ್ದು ಬಹುಶಃ ಆ ಹೊತ್ತಿನಲ್ಲೇ.

ಮನೆಗೆ ಬಂದಾಗ ನಾಲ್ಕು ಗಂಟೆ. ಅವರು ಸ್ನಾನಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಒದ್ದೆ ಪಂಜೆಯಲ್ಲೇ ಹೊರಗೆ ಬಂದು ನನ್ನ ಮುಂದೆ ನಿಂತರು. ಅಂಗೈಯಲ್ಲಿ ಕರಡಿಗೆ ಬಾಯಿ ತೆರೆದುಕೊಂಡಿತ್ತು. ನೂಲು ಹರಿದಿತ್ತು.

"ಸರ, ಇದರಾಗ ಇಲ್ರಿ," ಅಂದರು. ಅಷ್ಟೇ ಅಂದರು.

ನಾವು ಓಡಿದಂತೆ ಹೋದೆವು. ಅರ್ಧ ಅಂಗಡಿಗಳ ಬಾಗಿಲು ಇಳಿದಿದ್ದವು. ಆಳುಗಳು ಪೈಪು ಹಿಡಿದು ಓಣಿಯನ್ನೆಲ್ಲ ತೊಳೆಯುತ್ತಿದ್ದರು. ಮೀನಿನ ಹುರುಪೆ, ಎಲೆ, ಕಾಗದ ಎಲ್ಲ ನೀರಿನೊಡನೆ ಜಾಳಿಗೆಯತ್ತ ಹರಿದು ಹೋಗುತ್ತಿದ್ದವು. ಚನ್ನಬಸಪ್ಪನವರು ಆ ನೀರಿನಲ್ಲಿ ಮೊಣಕಾಲೂರಿದರು. ಬೆಳಿಗ್ಗೆ ವಾಸನೆಗೆ ಮೂಗು ಮುಚ್ಚಿದ್ದ ಮನುಷ್ಯ ಈಗ ಮೀನಿನ ಹೊಲಸಿನಲ್ಲಿ ಎರಡೂ ಕೈಯಿಂದ ತಡಕುತ್ತಿದ್ದರು. ಚಾಕು ಅಂಗಡಿಯ ಮುದುಕ ಗಾಬರಿಯಾಗಿ ಹೊರಗೆ ಬಂದ. ಅವನಿಗೆ ಏನೆಂದು ಹೇಳುವುದು? ಕಲ್ಲು ಅಂದರೆ ಸಾಣೆಕಲ್ಲು ಅಂದುಕೊಂಡಾನು. ಕೊನೆಗೆ ಫೋನಿನಲ್ಲಿ, ಇವರ ದೇವರು ಇಲ್ಲಿ ಬಿದ್ದುಹೋಗಿದ್ದಾರೆ ಎಂದು ಒತ್ತಿದೆ. ಫೋನು ಅದನ್ನು ಜಪಾನಿಯಲ್ಲಿ ಹೇಳಿತು. ಮುದುಕ ನಗಲಿಲ್ಲ. ತಲೆಯ ಟೋಪಿ ತೆಗೆದು ಮಣೆಯ ಮೇಲಿಟ್ಟು, ಬ್ಯಾಟರಿ ತಂದು, ನಮ್ಮ ಜೊತೆ ಅವನೂ ಮೊಣಕಾಲೂರಿ ಹುಡುಕಿದ. ಜಾಳಿಗೆಯನ್ನು ಎತ್ತಿಸಿ ಒಳಗೆ ಕೈಹಾಕಿ ನೋಡಿದ. ಸಿಗಲಿಲ್ಲ.

ಅಂದು ರಾತ್ರಿ ಅವರು ಉಣ್ಣಲಿಲ್ಲ. ಸೋಮವಾರವೂ ಇಲ್ಲ. ಶ್ರಾವಣ ಸೋಮವಾರ ಬೇರೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಖಾಲಿ ಅಂಗೈ ಚಾಚಿಕೊಂಡು ಕೂತರು. ಆಮೇಲೆ ಕೆಲಸಕ್ಕೆ ಬಂದರು. ನಾನು ಅನ್ನ ಮೊಸರು ಕಲಸಿ ಮುಂದಿಟ್ಟೆ.

"ಒಂದು ತುತ್ತರೆ ತಗೋರಿ. ದೇವರಿಗೆ ಎಲ್ಲಾ ತಿಳೀತದ."

"ಲಿಂಗಕ್ಕ ತೋರಿಸದ ಹೆಂಗ ಉಣ್ಣಲಿ ಸರ? ಹುಟ್ಟಿದಾಗಿಂದ ಉಂಡಿಲ್ಲ. ಬಾಯಾಗ ಇಳಿಯಂಗಿಲ್ಲ."

ಮಂಗಳವಾರ ಸಂಜೆ ಬಾಲ್ಕನಿಯಲ್ಲಿ ನಿಂತು ಊರಿನ ಮಠದ ಅಯ್ಯಾರೊಡನೆ ಫೋನಿನಲ್ಲಿ ಮಾತಾಡಿದರು. ನನಗೆ ಕೇಳಿಸಿದ್ದು "ಹೂನ್ರಿ ಅಯ್ಯಾರ, ಹೂನ್ರಿ" ಎಂಬುದಷ್ಟೇ. ಅಯ್ಯಾರು ಏನಂದರು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಬುಧವಾರ ಕೆಲಸದ ನಡುವೆ ಅವರ ಉಳಿ ಜಾರಿತು. ಹಾಸಿನ ಮೇಲೆ ಉದ್ದಕ್ಕೆ ಗೀರು ಬಿತ್ತು. ಅವರ ಕೈಯಿಂದ ಗೀರು ಬಿದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅಲ್ಲಿನ ಮೇಲ್ವಿಚಾರಕ ಅವರನ್ನು ಕುರ್ಚಿಯ ಮೇಲೆ ಕೂರಿಸಿ ನನ್ನತ್ತ ನೋಡಿದ. ನನಗೆ ಹೆದರಿಕೆ ಹತ್ತಿತು. ಅರ್ಧ ಹೆದರಿಕೆ ಅವರ ಜೀವಕ್ಕೆ, ಇನ್ನರ್ಧ ನನ್ನ ಹೆಸರಿಗೆ. ಪರದೇಶದಲ್ಲಿ ಮನುಷ್ಯ ಬಿದ್ದರೆ ಮ್ಯಾನೇಜರಿಗೆ ಏನು ಹೇಳುವುದು? ಅರ್ಧ ತಾಸು ಕೊಡ್ರಿ ಅಂದವರನ್ನು ಎಳೆದುಕೊಂಡು ಹೋದವನು ನಾನೇ ತಾನೆ.

ಸಂಜೆ ಒಬ್ಬನೇ ಸಂತೆಗೆ ಹೋದೆ. ಮುದುಕ ನನ್ನನ್ನು ಕಂಡೊಡನೆ ತಲೆಯಾಡಿಸಿದ, ಸಿಕ್ಕಿಲ್ಲವೆಂದು. ಅಲ್ಲಿಂದ ನಾಲ್ಕು ಅಂಗಡಿ ದಾಟಿದರೆ ಪಾತ್ರೆ ಪಿಂಗಾಣಿ ಮಾರುವ ಅಂಗಡಿ. ಅಲ್ಲಿನ ಜನ ಉಣ್ಣುವ ಕಡ್ಡಿಗಳ ತುದಿ ಮೇಜಿಗೆ ತಾಗಬಾರದೆಂದು ಸಣ್ಣ ಕಲ್ಲಿನ ಮೇಲೆ ಒರಗಿಸಿಡುತ್ತಾರೆ. ಅಂಥ ಕಲ್ಲುಗಳು, ಕರ್ರಗೆ, ದುಂಡಗೆ, ನುಣ್ಣಗೆ, ಐದರ ಒಂದು ಪೆಟ್ಟಿಗೆ. ನೋಡಿದ ಕ್ಷಣವೇ ನನ್ನ ಬುದ್ಧಿ ಎಲ್ಲಿಗೆ ಓಡಬೇಕೋ ಅಲ್ಲಿಗೆ ಓಡಿತು. ದಿನಾ ಬೆಳಿಗ್ಗೆ ದೂರದಿಂದ ಕಂಡದ್ದನ್ನು ನೆನೆಸಿಕೊಂಡು ಐದರಲ್ಲಿ ಒಂದನ್ನು ಆರಿಸಿದೆ. ಉಳಿದ ನಾಲ್ಕನ್ನು ಸೇತುವೆಯ ಮೇಲಿಂದ ನದಿಗೆ ಎಸೆದೆ. ಸ್ಟೇಷನ್ನಿನ ಪಾಯಖಾನೆಯಲ್ಲಿ ನಿಂತು, ಅವರ ಡಬ್ಬಿಯಿಂದ ಕದ್ದು ತಂದಿದ್ದ ವಿಭೂತಿಯನ್ನು ಆ ಕಲ್ಲಿಗೆ ತಿಕ್ಕಿ ತಿಕ್ಕಿ ಹಳೆಯದು ಮಾಡಿದೆ. ಅಂದರೆ ಮನೆಯಿಂದ ಹೊರಡುವಾಗಲೇ ನನ್ನ ಮನಸ್ಸಿನಲ್ಲಿ ಇದು ಇತ್ತು. ಇಷ್ಟು ವರ್ಷ ನಾನು ಅದನ್ನು ನನ್ನೊಳಗೂ ಒಪ್ಪಿಕೊಂಡಿರಲಿಲ್ಲ.

"ಸಿಕ್ತ್ರಿ!" ಎಂದು ಕೂಗಿಕೊಂಡೇ ಮನೆಯೊಳಗೆ ಬಂದೆ.

ಅವರು ಗೋಡೆ ಹಿಡಿದು ಎದ್ದು, ಕೈತೊಳೆದು, ಎಡ ಅಂಗೈ ಚಾಚಿದರು. ಕಲ್ಲು ಇಟ್ಟೆ. ಕಣ್ಣು ಮುಚ್ಚಿ ಬಲಗೈಯ ತೋರುಬೆರಳನ್ನು ಅದರ ಸುತ್ತ ನಿಧಾನವಾಗಿ ಒಮ್ಮೆ ಆಡಿಸಿದರು. ಇನ್ನೊಮ್ಮೆ ಆಡಿಸಿದರು.

"ಎಲ್ಲೆ ಸಿಕ್ತ್ರಿ?"

"ಆ ಚಾಕು ಅಂಗಡಿ ಅಜ್ಜ ಜಾಳಿಗಿ ಒಳಗಿಂದ ತಗದು ಇಟ್ಟಿದ್ರು."

"ಹಂಗೇನ್ರಿ," ಅಂದರು. ಕಣ್ಣು ತೆರೆದು ನನ್ನ ಮುಖ ನೋಡಿದರು. ಆಮೇಲೆ ಮೂಲೆಗೆ ಹೋಗಿ ಕೂತು ಪೂಜೆ ಮಾಡಿದರು. ನಾನು ಕಲಸಿದ ಮೊಸರನ್ನ ಉಂಡರು. ಕೂದಲೆಳೆಯಷ್ಟು ಉಬ್ಬನ್ನು ಹಿಡಿಯುವ ಬೆರಳು ಇದನ್ನು ಹಿಡಿಯಲಿಲ್ಲವೇ ಎಂದು ಒಂದು ಗಳಿಗೆ ಅಳುಕಿದೆ. ಹಸಿವು, ವಯಸ್ಸು, ಮೂರು ದಿನದ ಸಂಕಟ, ಎಲ್ಲ ಸೇರಿ ಬೆರಳು ಮಂಕಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಮಲಗಿದೆ. ಒಳ್ಳೆಯ ನಿದ್ದೆಯೂ ಬಂತು.

ಮುಂದಿನ ಭಾನುವಾರ ಅವರೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಖಡಕ್ ರೊಟ್ಟಿಯ ಗಂಟು.

"ಆ ಅಜ್ಜಗ ಕೈ ಮುಗದು ಬರೂಣು ನಡೀರಿ ಸರ. ಸುಮ್ನ ಇದ್ರ ಪಾಡಲ್ಲ."

ನಾನು ತಲೆನೋವು ಅಂದೆ. ಬಿಸಿಲು ಅಂದೆ. ಅವರು ಕದಲಲಿಲ್ಲ. ಹೋದೆವು. ಚನ್ನಬಸಪ್ಪನವರು ರೊಟ್ಟಿಯ ಗಂಟನ್ನು ಮುದುಕನ ಕೈಗಿಟ್ಟು, ನಡು ಬಗ್ಗಿಸಿ, "ನಿಮ್ಮ ಉಪಕಾರ ಮರಿಯಂಗಿಲ್ರಿ," ಎಂದು ಕನ್ನಡದಲ್ಲೇ ಅಂದರು. ನಾನು ಫೋನು ಹಿಡಿಯದೆ ನನ್ನ ಹರಕುಮುರುಕು ಜಪಾನಿಯಲ್ಲಿ, ಅಂದು ಹುಡುಕಿದ್ದಕ್ಕೆ ಇವರು ಉಪಕಾರ ನೆನೆಯುತ್ತಿದ್ದಾರೆ ಎಂದೆ. ಮುದುಕ ಟೋಪಿ ತೆಗೆದು, ಮುಖ ಚಿಕ್ಕದು ಮಾಡಿಕೊಂಡು, ಸಿಗಲಿಲ್ಲವಲ್ಲ, ಕ್ಷಮಿಸಬೇಕು ಎಂದು ಮತ್ತೆ ಮತ್ತೆ ಬಗ್ಗಿದ.

"ಏನಂತಾರ್ರಿ?"

"ಸಿಕ್ಕದ್ದು ಭಾಳ ಸಂತೋಷ ಅಂತಾರ."

ಚನ್ನಬಸಪ್ಪನವರು ಮುದುಕನನ್ನು ನೋಡಿದರು, ನನ್ನನ್ನು ನೋಡಿದರು. ಪಕ್ಕದಲ್ಲಿ ಕೆಂಡದ ಮೇಲೆ ಸೋಯಾ ರಸ ಬಿದ್ದು ಹೊಗೆ ನಮ್ಮ ಮುಖಕ್ಕೆ ಬಂತು. ಅವರು ಇನ್ನೂ ಒಂದಿಷ್ಟು ಹೊತ್ತು ಅಲ್ಲೇ ನಿಂತಿದ್ದರು, ಏನನ್ನೋ ಕಾಯುವವರ ಹಾಗೆ. ನಾನು "ನಡೀರಿ, ಹೊಗಿ ಭಾಳ ಅದ," ಅಂದೆ.

ಆಗಸ್ಟ್ ಕೊನೆಗೆ ತಿರುಗಿ ಬಂದೆವು. ಅಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಮುಗದ ಮುಟ್ಟಿತ್ತು. ನಾನು ಕಲ್ಲು ತಂದ ಬುಧವಾರದ ಮರುದಿನ ಅಯ್ಯಾರೇ ಫೋನು ಮಾಡಿದಾಗ ಇವರು ಸಿಕ್ಕಿತೆಂದು ಹೇಳಿಬಿಟ್ಟಿದ್ದರು. ಕಡಲಾಚೆ ಗಟಾರದಲ್ಲಿ ಕಳೆದ ಲಿಂಗ ಮೂರು ದಿನದ ಉಪವಾಸಕ್ಕೆ ಒಲಿದು ತಿರುಗಿ ಬಂತು ಎಂದು ಅಯ್ಯಾರು ಶ್ರಾವಣದ ಪುರಾಣದಲ್ಲಿ ಊರಿಗೆಲ್ಲ ಹೇಳಿದ್ದರು. ಮಠದಲ್ಲಿ ಹೋಳಿಗೆಯ ಪ್ರಸಾದ. ಹೆಣ್ಣುಮಕ್ಕಳು ಸಾಲಾಗಿ ಬಂದು ಚನ್ನಬಸಪ್ಪನವರ ಕೊರಳಿನ ಕರಡಿಗೆಗೆ ಕೈಮುಗಿದು ಹೋದರು. ನನ್ನನ್ನು ಕರೆಸಿ ಶಾಲು ಹೊದಿಸಿದರು. ಅವರ ಹೆಂಡತಿ ಗೌರವ್ವನವರು, "ನಮ್ಮ ಮನಿ ದೀಪಾ ಉಳಿಸಿದ್ರಿ ಯಪ್ಪಾ," ಎಂದು ನನ್ನ ಕಾಲಿಗೇ ಬಾಗಲು ಬಂದರು. ಚನ್ನಬಸಪ್ಪನವರು ಕಂಬಕ್ಕೊರಗಿ ಕೂತಿದ್ದರು. ನಾನು ಶಾಲು ಹೊದ್ದುಕೊಂಡೇ ಎರಡು ಹೋಳಿಗೆ ತಿಂದೆ.

ಮರುವರ್ಷ ಅವರು ನಿವೃತ್ತಿಯಾದರು. ನಾಲ್ಕು ತಿಂಗಳಿಗೆ ಹೊಟ್ಟೆಯ ಬೇನೆ ಕಾಣಿಸಿತು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಮುಂದೆ ಹೋಗಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಅಂದರಂತೆ. ನಾನು ನೋಡಲು ಹೋದಾಗ ಗದ್ದೆಗಳೆಲ್ಲ ಹಸಿರಾಗಿದ್ದವು. ಅವರು 'ಹೊರಸು' ಎಂದು ಕರೆಯುವ ಹಗ್ಗದ ಮಂಚದ ಮೇಲೆ ಮಲಗಿದ್ದರು, ಅರ್ಧಕ್ಕಿಳಿದಿದ್ದರು. ಗೌರವ್ವನವರನ್ನು ಚಹಾ ಮಾಡಲು ಒಳಗೆ ಕಳಿಸಿ ನನ್ನನ್ನು ಹತ್ತಿರ ಕರೆದರು.

"ಸರ, ಇದು ನಂದಲ್ಲ." ಕೈ ಎದೆಯ ಮೇಲಿನ ಕರಡಿಗೆಯ ಮೇಲಿತ್ತು.

ನಾನು ಒಳಮನೆಯ ಬಾಗಿಲ ಕಡೆ ನೋಡಿದೆ.

"ಬೆರಳ ಇಟ್ಟ ಕೂಡ್ಲೆ ಗೊತ್ತಾತ್ರಿ. ಅಯ್ಯಾರು ಹಿಂದಿನ ದಿನ ಫೋನಿನ್ಯಾಗ ಹೇಳಿದ್ರು, ಒಂದ ದಿನ ತಡೀ, ಹಿರಿ ಸ್ವಾಮಿಗಳನ್ನ ಕೇಳಿ ಏನು ಮಾಡಬೇಕು ಹೇಳ್ತೇನಿ, ಅದನ್ನ ಮಾಡಿ ಊಟಾ ಮಾಡು ಅಂತ. ಅಷ್ಟರಾಗ ನೀವು ತಂದ್ರಿ. ನಿಮ್ಮ ಮಾರಿ ನೋಡಿ ಇಲ್ಲ ಅನ್ನಾಕ ಆಗ್ಲಿಲ್ಲ."

"ಚನ್ನಬಸಪ್ಪನವರ, ನಾ..."

"ಆ ಅಜ್ಜನ ಮುಂದ ನಿಂತಾಗರೆ ಹೇಳ್ತೀರಿ ಅನಕೊಂಡಿದ್ದೆ. ಅದಕ್ಕ ಕರಕೊಂಡು ಹೋಗಿದ್ದೆ ನಿಮ್ಮನ್ನ. ಹೇಳ್ಲಿಲ್ಲ. ಊರಿಗೆ ಬಂದ್ರ ಇಲ್ಲೆ ಇಷ್ಟೆಲ್ಲಾ ಮಾಡಿ ಇಟ್ಟಿದ್ರು. ಇವರಿಗೆ ಸುಳ್ಳ ಅಂತ ಹೆಂಗ ಹೇಳಲಿ? ಹೇಳಿದ್ರ ನಿಮ್ಮ ಹೆಸರು ಹೇಳಬೇಕಿತ್ತು. ಸುಮ್ಮನಾದೆ. ದಿನಾ ಪೂಜಿ ಮಾಡೇನಿ ಇದಕ್ಕ. ಏನಂತ ತಿಳಕೊಂಡು ಮಾಡೇನಿ ಅನ್ನೂದು ನನಗೊಬ್ಬಗ ಗೊತ್ತು."

ಬೈದಿದ್ದರೆ ಚೆನ್ನಾಗಿತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮಾಫಿಯೂ ಇರಲಿಲ್ಲ. ಹಾಸಿನಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸುವಾಗಿನ ದನಿ ಅದು.

"ಏನು ಇದು ಖರೇ ಅಂದ್ರ?" ಎಂದು ಕೇಳಿದರು.

ಹೇಳಿದೆ. ಊಟದ ಕಡ್ಡಿ ಒರಗಿಸುವ ಕಲ್ಲು ಎಂದು.

"ಒಂದ ಕೆಲಸಾ ಮಾಡ್ರಿ ಸರ. ನಾ ಹೋದ ಮ್ಯಾಲೆ ಕುಣ್ಯಾಗ ಕುಂದ್ರಿಸಿ ಇದನ್ನ ನನ್ನ ಎಡಗೈಯಾಗ ಇಡತಾರ. ಅದು ಆಗಬಾರದು. ಅಯ್ಯಾರ ಕಿವ್ಯಾಗ ಒಂದ ಮಾತು ಹೇಳ್ರಿ. ಅವರ ಹತ್ರ ಬ್ಯಾರೆ ಲಿಂಗ ಇರ್ತೈತಿ, ಅದನ್ನ ಇಡತಾರ. ಆಗ ನಾ ಇರಂಗಿಲ್ಲ, ನನಗ ನಾಚಿಕಿ ಇಲ್ಲ. ನಿಮಗಷ್ಟ ಆಕ್ಕೈತಿ. ಅಷ್ಟ ತಡಕೋರಿ. ಹೇಳ್ತೀರಲ್ಲ?"

"ಹೇಳ್ತೀನಿ," ಅಂದೆ. ಅವರ ಕೈ ಹಿಡಿದುಕೊಂಡು ಅಂದೆ.

ಹದಿನೆಂಟು ದಿನಕ್ಕೆ ಫೋನು ಬಂತು. ಹುಬ್ಬಳ್ಳಿಯಿಂದ ಮುಗದದವರೆಗೂ ಅದೊಂದೇ ಮಾತನ್ನು ಬಾಯಲ್ಲಿ ಹೊರಳಿಸುತ್ತ ಹೋದೆ. ಚನ್ನಬಸಪ್ಪನವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಹೂವಿನ ಕೆಳಗೆ ಕರಡಿಗೆ. ಭಜನೆ ನಡೆದಿತ್ತು. ಅಯ್ಯಾರು ಕಟ್ಟೆಯ ಮೇಲೆ ಬಿಲ್ವಪತ್ರೆ ಆರಿಸುತ್ತ ಒಬ್ಬರೇ ಕೂತಿದ್ದರು. ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ಹತ್ತಿರ ಹೋಗಿ, "ಅಯ್ಯಾರ, ಒಂದು ಮಾತು," ಅಂದೆ.

"ಹೇಳ್ರಿ ಸರ."

ಅಷ್ಟರಲ್ಲಿ ಗೌರವ್ವನವರು ನನ್ನನ್ನು ಕಂಡು ಬಾಗಿಲಲ್ಲೇ ಕುಸಿದು ಅತ್ತರು. "ನೀವು ತಂದಕೊಟ್ಟದ್ದು ಕೊರಳಾಗ ಐತಿ ನೋಡ್ರಿ ಯಪ್ಪಾ. ಲಿಂಗಾ ಕಟಗೊಂಡ ಹೋದ್ರು. ಅದೊಂದ ಸಮಾಧಾನ ನನಗ." ಅಯ್ಯಾರು ಎದ್ದು ಅವರನ್ನು ಸಂತೈಸಲು ಹೋದರು. ಅವರು ಮರಳಿ ಬಂದು, "ಏನೋ ಹೇಳಾಕತ್ತಿದ್ರಲ್ಲ?" ಅಂದಾಗ ನಾನು, "ಏನಿಲ್ರಿ, ಯಾವಾಗ ಎತ್ತತಾರ ಅಂತ ಕೇಳೋಣಂತ," ಅಂದೆ. ಹೊಲದಲ್ಲಿ ಹೇಳಿದರಾಯಿತು ಅಂದುಕೊಂಡೆ.

ಹೊಲದಲ್ಲಿ ಊರೇ ನೆರೆದಿತ್ತು. ನಮ್ಮ ಕಾರ್ಖಾನೆಯ ಮಂದಿ ಕೂಡ ಬಸ್ಸು ಮಾಡಿಕೊಂಡು ಬಂದಿದ್ದರು, ಮ್ಯಾನೇಜರು ನನ್ನ ಪಕ್ಕದಲ್ಲೇ ನಿಂತಿದ್ದರು. ಚನ್ನಬಸಪ್ಪನವರನ್ನು ಕುಣಿಯಲ್ಲಿಳಿಸಿ ಕೂರಿಸಿದರು. ಅಯ್ಯಾರು ತಾವೂ ಇಳಿದು, ಕರಡಿಗೆ ಬಿಚ್ಚಿ, ಕಲ್ಲನ್ನು ಎತ್ತಿ ಹಿಡಿದರು. ಭಜನೆ ನಿಂತಿತು.

"ಈ ಲಿಂಗದ ಕತಿ ನಿಮಗೆಲ್ಲಾ ಗೊತ್ತೈತಿ," ಎಂದು ಅಯ್ಯಾರು ಕೆಳಗಿನಿಂದಲೇ ಗಟ್ಟಿಯಾಗಿ ಹೇಳಿದರು. "ಕಡಲಾಚೆ ಕಳದಿತ್ತು. ಭಕ್ತಿ ದೊಡ್ಡದು, ತಿರಗಿ ಬಂತು. ಹುಡುಕಿ ತಂದ ಪುಣ್ಯಾತ್ಮರು ಇಲ್ಲೇ ನಿಂತಾರ." ಎಲ್ಲರೂ ನನ್ನ ಕಡೆ ತಿರುಗಿದರು. ಕೆಲವರು ಕೈ ಮುಗಿದರು. ಅಯ್ಯಾರು ತಲೆಯೆತ್ತಿ ನನ್ನನ್ನೇ ನೋಡಿ ಕೇಳಿದರು, "ಅದ ಲಿಂಗ ಇದು. ಹೌದಲ್ರಿ ಸರ?"

ಕುಣಿಯ ಅಂಚಿನಿಂದ ಸ್ವಲ್ಪ ಮಣ್ಣು ಉದುರಿದ್ದು ಕೇಳಿಸಿತು.

"ಹೌದ್ರಿ," ಅಂದೆ.

ಅಯ್ಯಾರು ಚನ್ನಬಸಪ್ಪನವರ ಎಡ ಅಂಗೈಯನ್ನು ಬಿಡಿಸಿ, ಕಲ್ಲನ್ನು ನಡುವೆ ಇಟ್ಟು, ಸೆಟೆದ ಬೆರಳುಗಳನ್ನು ಅದರ ಮೇಲೆ ಒಂದೊಂದಾಗಿ ಮಡಚಿದರು.